ಬೆಳೆಯ ನೆತ್ತಿ ಸವರಿ ಹಾರುವ ಮುನ್ನ: ಕೃಷಿ ವಿಮಾನದ ಅಪಾಯಗಳು, ಹಂತ ಹಂತವಾಗಿ

ಎತ್ತರದಲ್ಲಿ ಹಾರುವ ವಿಮಾನಕ್ಕೆ ಏನಾದರೂ ಎಡವಟ್ಟಾದರೆ ಯೋಚಿಸಲು ಒಂದಿಷ್ಟು ಹೊತ್ತು ಸಿಗುತ್ತದೆ. ಹೊಲಕ್ಕೆ ಔಷಧಿ ಹೊಡೆಯುವ ವಿಮಾನಕ್ಕೆ ಆ ಅನುಕೂಲ ಇಲ್ಲ. ಅದು ಹಾರುವುದೇ ಬೆಳೆಯಿಂದ ಮೂರ್ನಾಲ್ಕು ಮೀಟರ್ ಮೇಲೆ. ವೇಗ ಗಂಟೆಗೆ 225 ಕಿ.ಮೀ. ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 62 ಮೀಟರ್ ಆಯಿತು. ಪೈಲಟ್ ಎರಡೇ ಸೆಕೆಂಡ್ ತಲೆ ತಗ್ಗಿಸಿ ಸ್ಕ್ರೀನ್ ನೋಡಿದರೂ ಅಷ್ಟರಲ್ಲಿ ವಿಮಾನ ಸುಮಾರು 125 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟು ದೂರವೂ ಎದುರು ಏನಿದೆ ಅಂತ ನೋಡಿದವರು ಯಾರೂ ಇಲ್ಲ.

ಈ ಕೆಲಸಕ್ಕೆ ನೂರು ವರ್ಷ ದಾಟಿದೆ. 1921ರ ಆಗಸ್ಟ್ 3ರಂದು ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಪಟ್ಟಣದ ಹತ್ತಿರ ಜಾನ್ ಮ್ಯಾಕ್‌ರೆಡಿ ಎಂಬ ಸೇನಾ ಪೈಲಟ್ ಕರ್ಟಿಸ್ ಜೆನ್ನಿ ವಿಮಾನದಿಂದ ಕಟಾಲ್ಪ ಮರಗಳ ತೋಪಿನ ಮೇಲೆ ಹುಳ ಸಾಯಿಸುವ ಪುಡಿ ಉದುರಿಸಿದರು. ಸೀಸದ ಆರ್ಸೆನೇಟ್, ಅಂದರೆ ಶುದ್ಧ ವಿಷ. ಅಲ್ಲಿಂದ ಇಲ್ಲಿಗೆ ವಿಮಾನ ಬದಲಾಯಿತು, ಔಷಧಿ ಬದಲಾಯಿತು, ಜಿಪಿಎಸ್ ಬಂತು. ಅಪಾಯಗಳು ಮಾತ್ರ ಹೆಚ್ಚುಕಡಿಮೆ ಅವೇ. ತಂತಿ, ತಿರುವು, ಭಾರ, ದಣಿವು, ವಿಷ.

ಇವುಗಳಲ್ಲಿ ಬಹುಪಾಲು ಕಾಣದೇ ಇರುವ ಅಪಾಯಗಳಲ್ಲ, ಕಂಡು ಮರೆತ ಅಪಾಯಗಳು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೇ "ಹುಷಾರಾಗಿರಿ" ಅನ್ನುವ ಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನೆನಪಿನ ಮೇಲೆ ಭಾರ ಹಾಕದ ಹಾಗೆ ಕೆಲಸ ಜೋಡಿಸಿಕೊಳ್ಳಬೇಕು. ಪೈಲಟ್ ಆಗಬೇಕು ಅಂದುಕೊಂಡವರು, ಕೆಳಗೆ ನಿಂತು ಔಷಧಿ ತುಂಬುವವರು, ಹೊಲದ ಮಾಲೀಕರು, ಮೂವರಿಗೂ ಇದರಲ್ಲಿ ಪಾಲಿದೆ. ಒಂದು ಮಾತು: ಇದನ್ನು ಓದಿದರೆ ತರಬೇತಿ ಆದಂತಲ್ಲ. ವಿಮಾನದ ಕೈಪಿಡಿ ಮತ್ತು ನಿಮ್ಮಲ್ಲಿನ ವಿಮಾನಯಾನ ನಿಯಮ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಹಂತ 1: ಕೆಲಸ ಒಪ್ಪಿಕೊಳ್ಳುವ ಮೊದಲೇ ಹೊಲದ ನಕ್ಷೆ ಬರೆಯಿರಿ

"ನಿಮ್ಮ ಹೊಲದಲ್ಲಿ ತಂತಿ ಇದೆಯಾ?" ಅಂತ ಕೇಳಿದರೆ "ಆ ಕಡೆ ಒಂದಿದೆ ಸಾರ್" ಅನ್ನುವ ಉತ್ತರ ಬರುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ದಿನಾ ನೋಡಿ ನೋಡಿ ಉಳಿದ ಮೂರು ತಂತಿ ಅವರ ಕಣ್ಣಿಗೆ ಬೀಳುವುದೇ ಇಲ್ಲ, ಅಷ್ಟೇ. ಕೇಳುವ ರೀತಿ ಬದಲಿಸಿ. ಪಂಪ್‌ಸೆಟ್‌ಗೆ ಕರೆಂಟ್ ಎಲ್ಲಿಂದ ಬರುತ್ತದೆ? ಶೆಡ್‌ಗೆ? ಪಕ್ಕದ ಹೊಲದ ಮನೆಗೆ? ಕಳೆದ ಬೆಳೆಯಿಂದ ಈಚೆಗೆ ಹೊಸದಾಗಿ ಏನಾದರೂ ನಿಲ್ಲಿಸಿದ್ದಾರಾ? ಕರೆಂಟ್ ಬಳಸುವ ಪ್ರತಿ ಜಾಗಕ್ಕೂ ಎಲ್ಲಿಂದಲೋ ಒಂದು ತಂತಿ ಬಂದಿರಲೇಬೇಕು. ಅದು ನೆಲದಡಿ ಬಂದಿದೆಯೋ, ಮೇಲೆ ಬಂದಿದೆಯೋ ಗೊತ್ತಾಗುವ ತನಕ ನಕ್ಷೆ ಮುಗಿದಿಲ್ಲ.

ನಕ್ಷೆಯಲ್ಲಿ ಇರಬೇಕಾದದ್ದು: ಎಲ್ಲ ಲೈನುಗಳು, ಅವುಗಳ ದಿಕ್ಕು, ಒಂಟಿ ಮರಗಳು, ಟವರ್‌ಗಳು, ಮನೆ, ಶಾಲೆ, ಕೆರೆ, ಜೇನುಪೆಟ್ಟಿಗೆ, ದನ ಕಟ್ಟುವ ಜಾಗ, ಪಕ್ಕದ ಹೊಲದ ಬೆಳೆ, ನೆಲದ ಏರು-ಇಳಿಜಾರು. ಜೊತೆಗೆ ಎಂಜಿನ್ ಕೈಕೊಟ್ಟರೆ ಇಳಿಸಬಹುದಾದ ಒಂದೆರಡು ಜಾಗ. ಅಪಾಯಗಳಿಗೆ ಕೆಂಪು ಬಣ್ಣ ಬಳಸಿ. ಹೋದ ವರ್ಷದ ನಕ್ಷೆಯನ್ನು ಹಾಗೇ ಎತ್ತಿಕೊಳ್ಳಬೇಡಿ.

ಯಾಕೆಂದರೆ ಕೆಲವು ಅಪಾಯಗಳು ಬೆಳಗಾಗುವುದರಲ್ಲಿ ಹುಟ್ಟುತ್ತವೆ. ಗಾಳಿ ಅಳೆಯುವ ಕಂಬವನ್ನೇ ನೋಡಿ. ಗಾಳಿಯಂತ್ರ ಹಾಕುವ ಮೊದಲು ಅಲ್ಲಿ ಗಾಳಿ ಎಷ್ಟಿದೆ ಅಂತ ತಿಳಿಯಲು ನಿಲ್ಲಿಸುವ ತೆಳ್ಳನೆಯ ಲೋಹದ ಕೊಳವೆ ಅದು. ಬೂದು ಬಣ್ಣ, ಸುತ್ತಲೂ ನೆಲಕ್ಕೆ ಬಿಗಿದ ಸ್ಟೇ ವೈರ್‌ಗಳು. ಕೆಲವೇ ಗಂಟೆಯಲ್ಲಿ ನಿಲ್ಲಿಸಿ ಹೋಗಬಹುದು. ಮೋಡ ಕವಿದ ಆಕಾಶದ ಎದುರು ಅದು ಕಾಣುವುದೇ ಇಲ್ಲ. ಅಮೆರಿಕದಲ್ಲಿ ಬಣ್ಣ, ದೀಪದ ಗುರುತು ಹಾಕುವ ನಿಯಮ ಸಾಮಾನ್ಯವಾಗಿ 200 ಅಡಿ ದಾಟಿದ ಗೋಪುರಗಳಿಗೆ ಅನ್ವಯಿಸುತ್ತಿತ್ತು. ಈ ಕಂಬಗಳಲ್ಲಿ ಎಷ್ಟೋ 200 ಅಡಿಗೆ ಚೂರು ಕಮ್ಮಿ. ಕೃಷಿ ಪೈಲಟ್‌ಗಳು ಇವಕ್ಕೆ ಡಿಕ್ಕಿ ಹೊಡೆದು ಸತ್ತ ಮೇಲೆ ಅಲ್ಲಿನ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಎಚ್ಚರಿಕೆ ಹೊರಡಿಸಿತು. 2016ರಲ್ಲಿ 50ರಿಂದ 200 ಅಡಿ ನಡುವಿನ ಇಂಥ ಗೋಪುರಗಳಿಗೂ ಗುರುತು ಬೇಕು ಅನ್ನುವ ಕಾನೂನು ಬಂತು. ನಿಮ್ಮ ಜಮೀನಿನಲ್ಲಿ ಇಂಥದ್ದೊಂದು ನಿಂತಿದ್ದರೆ ಪೈಲಟ್ ಕೇಳುವ ತನಕ ಕಾಯಬೇಡಿ, ನೀವೇ ಹೇಳಿ.

ಹಂತ 2: ತಂತಿಯನ್ನು ಹುಡುಕಬೇಡಿ, ಕಂಬ ಓದಿ

ತಂತಿ ಕಣ್ಣಿಗೆ ಕಾಣುತ್ತದೆ ಅನ್ನುವುದೇ ಮೊದಲ ತಪ್ಪು ಲೆಕ್ಕ. ಹಳೆಯ ಅಲ್ಯೂಮಿನಿಯಂ ತಂತಿ ಮಾಸಿ, ಹಿಂದಿನ ಹೊಲದ ಬಣ್ಣದಲ್ಲಿ ಕರಗಿರುತ್ತದೆ. ಕಾಣುವಷ್ಟು ಹತ್ತಿರ ಬಂದಾಗ ತಪ್ಪಿಸಿಕೊಳ್ಳಲು ಹೊತ್ತಿರುವುದಿಲ್ಲ. ಕಂಬ ಮಾತ್ರ ದೂರದಿಂದಲೇ ಕಾಣುತ್ತದೆ, ಮತ್ತು ಓದಲು ಬಂದರೆ ಕಂಬ ಎಲ್ಲವನ್ನೂ ಹೇಳುತ್ತದೆ.

ಒಂದು ಕಂಬವನ್ನು ಹತ್ತಿರದಿಂದ ನೋಡೋಣ. ಮೇಲಿನ ಅಡ್ಡಪಟ್ಟಿ ಯಾವ ಕಡೆ ತಿರುಗಿದೆ ನೋಡಿ. ಲೈನು ಅದಕ್ಕೆ ಅಡ್ಡಲಾಗಿ ಹೋಗುತ್ತದೆ. ಒಂದೇ ಕಂಬದಲ್ಲಿ ಎರಡು ಅಡ್ಡಪಟ್ಟಿ ಬೇರೆ ಬೇರೆ ದಿಕ್ಕಿಗಿದ್ದರೆ ಅಲ್ಲಿಂದ ಕವಲು ಲೈನೊಂದು ಹೊರಟಿದೆ. ಇನ್ಸುಲೇಟರ್‌ಗಳು ನೆಟ್ಟಗೆ ನಿಂತಿರುವ ಬದಲು ಅಡ್ಡಕ್ಕೆ ಎಳೆದುಕೊಂಡಿದ್ದರೆ ಲೈನು ಅಲ್ಲಿ ಮುಗಿಯುತ್ತದೆ ಅಥವಾ ತಿರುಗುತ್ತದೆ. ಸ್ಟೇ ವೈರ್ ಇರುವುದು ತಂತಿ ಎಳೆಯುವ ದಿಕ್ಕಿಗೆ ಎದುರು ಬದಿಯಲ್ಲಿ. ನೇರ ಲೈನಿನ ನಡುವಿನ ಕಂಬಕ್ಕೆ ಸುಮ್ನೆ ಒಂದು ಸ್ಟೇ ವೈರ್ ಹಾಕುವುದಿಲ್ಲ ಅಲ್ವಾ? ಕಂಡರೆ ನಿಮಗೆ ಕಾಣದ ಇನ್ನೊಂದು ತಂತಿ ಆಚೆ ಬದಿಯಿಂದ ಎಳೆಯುತ್ತಿರಬಹುದು. ಟ್ರಾನ್ಸ್‌ಫಾರ್ಮರ್ ಇದ್ದರೆ ಹತ್ತಿರದಲ್ಲೇ ಕರೆಂಟ್ ಬಳಸುವವರಿದ್ದಾರೆ, ಅಲ್ಲಿಗೆ ತಂತಿ ಹೋಗಿದೆ.

ದೊಡ್ಡ ವಿದ್ಯುತ್ ಗೋಪುರಗಳಲ್ಲಿ ಇನ್ನೊಂದು ಬಲೆ ಇದೆ. ಕರೆಂಟ್ ಹೊತ್ತ ದಪ್ಪ ತಂತಿಗಳು ಚೆನ್ನಾಗಿ ಕಾಣುತ್ತವೆ. ಅದಕ್ಕೂ ಮೇಲೆ, ಗೋಪುರದ ತುದಿಯಿಂದ ತುದಿಗೆ, ಸಿಡಿಲಿನಿಂದ ಕಾಪಾಡುವ ತೆಳ್ಳನೆಯ ತಂತಿ ಒಂದೋ ಎರಡೋ ಇರುತ್ತವೆ. ದಪ್ಪ ತಂತಿಯನ್ನು ನೋಡಿ ಮೇಲೆದ್ದವರು ತೆಳ್ಳನೆಯದಕ್ಕೆ ಸಿಕ್ಕಿಕೊಳ್ಳುತ್ತಾರೆ. ಲೈನು ದಾಟುವಾಗ ಕಂಬದ ಅಥವಾ ಗೋಪುರದ ನೆತ್ತಿಯ ಮೇಲೇ ದಾಟಿ ಅನ್ನುವ ನಿಯಮ ಅದಕ್ಕೇ ಇರುವುದು. ತಂತಿಗಳು ಅತಿ ಎತ್ತರದಲ್ಲಿರುವ ಜಾಗ ಅದು, ಕಣ್ಣಿಗೆ ಕಾಣುವ ಜಾಗವೂ ಅದೇ.

ಬಿಸಿಲು ಏರಿದಂತೆ ತಂತಿ ಜೋಲುತ್ತದೆ. ಬೆಳಿಗ್ಗೆ ನೋಡಿದ ಎತ್ತರ ಮಧ್ಯಾಹ್ನಕ್ಕೆ ಇರುವುದಿಲ್ಲ. ಇತ್ತ ಬೆಳೆಯೂ ಹೋದ ಸಲಕ್ಕಿಂತ ಎತ್ತರ ಬೆಳೆದಿರುತ್ತದೆ. ತಂತಿಯ ಅಡಿಯಲ್ಲಿ ನುಸುಳಿ ಹೋಗುವುದನ್ನು ಕೆಲವು ಅನುಭವಿಗಳು ಮಾಡುತ್ತಾರೆ. ನನ್ನನ್ನು ಕೇಳಿದರೆ, ಹೊಸಬರು ಅದನ್ನು ತಲೆಗೇ ಹಾಕಿಕೊಳ್ಳಬಾರದು. ತಂತಿಯ ಎರಡೂ ಬದಿಗೆ, ಅದಕ್ಕೆ ಸಮಾನಾಂತರವಾಗಿ ಸಾಲು ಹೊಡೆಯಿರಿ (ಔಷಧಿ ಬಿಡುತ್ತಾ ನೇರ ಹಾರುವ ಒಂದೊಂದು ಓಟವೇ ಸಾಲು). ತಂತಿಯಡಿಯ ಪಟ್ಟಿ ಉಳಿದರೆ ಉಳಿಯಲಿ, ನೆಲದ ಯಂತ್ರದಿಂದ ಹೊಡೆಸಬಹುದು.

ಈಗ ಮುಖ್ಯ ವಿಷಯ. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ ಎಟಿಎಸ್‌ಬಿ ಲೆಕ್ಕದಂತೆ 2001ರಿಂದ 2010ರವರೆಗೆ ಅಲ್ಲಿ 180 ತಂತಿ ಅಪಘಾತ ವರದಿಯಾದವು. ಅದರಲ್ಲಿ 100 ಕೃಷಿ ಹಾರಾಟದವು. ತಂತಿಗೆ ತಾಗಿದ ಪೈಲಟ್‌ಗಳಲ್ಲಿ ನೂರಕ್ಕೆ 63 ಜನರಿಗೆ ಆ ತಂತಿ ಅಲ್ಲಿದೆ ಅಂತ ಮೊದಲೇ ಗೊತ್ತಿತ್ತು. ಇನ್ನೊಮ್ಮೆ ಓದಿ. ಗೊತ್ತಿತ್ತು. ನೋಡಿದ್ದರು, ಗುರುತು ಹಾಕಿಕೊಂಡಿದ್ದರು, ಹತ್ತಾರು ಸಲ ದಾಟಿಯೂ ಇದ್ದರು. ಆಮೇಲೆ ಯಾವುದೋ ಒಂದು ಸುತ್ತಿನಲ್ಲಿ ಮನಸ್ಸು ಬೇರೆ ಕಡೆ ಹೋಯಿತು. ನಾಝಲ್ ಒಂದು ಕಟ್ಟಿಕೊಂಡಿತ್ತು, ರೇಡಿಯೋದಲ್ಲಿ ಯಾರೋ ಕರೆದರು, ಜಿಪಿಎಸ್ ಸಾಲು ತಪ್ಪಿತು, ಅಷ್ಟು ಸಾಕು.

ಹಾಗಾದರೆ ಏನು ಮಾಡಬೇಕು? ತಂತಿ ಇರುವ ತುದಿಗೆ ಹೋಗುವ ಪ್ರತಿ ಸಾಲಿನಲ್ಲೂ "ತಂತಿ" ಅಂತ ಬಾಯಿಬಿಟ್ಟು ಹೇಳಿ. ನಗು ಬಂದರೂ ಪರವಾಗಿಲ್ಲ. ನಕ್ಷೆಯನ್ನು ಕಣ್ಣೆದುರೇ ಕಾಣುವ ಹಾಗೆ ಸಿಕ್ಕಿಸಿ. ಸಾಲಿನೊಳಗೆ ಇರುವಾಗ ರೇಡಿಯೋಗೆ ಉತ್ತರ ಕೊಡಬೇಡಿ, ಫೋನ್ ಆಫ್ ಇರಲಿ. ಯಂತ್ರದಲ್ಲಿ ಏನೋ ಸರಿ ಇಲ್ಲ ಅನಿಸಿದರೆ ಮೊದಲು ಮೇಲೇರಿ, ಆಮೇಲೆ ತಲೆ ತಗ್ಗಿಸಿ. ಸಾಲು ತಪ್ಪದಂತೆ ದಾರಿ ತೋರುವ ಜಿಪಿಎಸ್‌ನ ದೀಪದ ಪಟ್ಟಿಯನ್ನು ವಿಮಾನದ ಮೂತಿಯ ಮೇಲೆ, ನೋಟದ ನೇರಕ್ಕೆ ಕೂರಿಸುವುದೂ ಇದೇ ಕಾರಣಕ್ಕೆ.

ಹಂತ 3: ಮೇಲಿನಿಂದ ಒಂದು ಸುತ್ತು, ಪಕ್ಕದಿಂದ ಒಂದು ಸುತ್ತು

ಹೊಲಕ್ಕೆ ಬಂದ ಕೂಡಲೇ ಇಳಿಯಬೇಡಿ. ಮೊದಲು ತಂತಿ, ಟವರ್ ಎಲ್ಲಕ್ಕಿಂತ ಸಾಕಷ್ಟು ಮೇಲೆ ಇದ್ದು ಸುತ್ತು ಹಾಕಿ ನಕ್ಷೆಗೆ ತಾಳೆ ನೋಡಿ. ಆಮೇಲೆ ಇನ್ನಷ್ಟು ಕೆಳಗೆ, ಹೊಲದ ಹೊರ ಅಂಚಿನಲ್ಲಿ, ಕಂಬದ ಸಾಲುಗಳನ್ನು ಒಂದೊಂದಾಗಿ ಕಣ್ಣಲ್ಲೇ ಹಿಂಬಾಲಿಸಿ. ಪ್ರತಿ ಲೈನು ಎಲ್ಲಿ ಶುರು, ಎಲ್ಲಿ ಕೊನೆ ಅನ್ನುವುದು ತಿಳಿಯಬೇಕು. ನಡುವೆ ಮರದೊಳಗೆ ಮಾಯವಾದ ಲೈನು ಆಚೆ ಬಂದಿಲ್ಲ ಅಂದರೆ ಅದೇ ಅಪಾಯದ್ದು. ನಕ್ಷೆಯಲ್ಲಿ ಇಲ್ಲದ್ದು ಒಂದು ಕಂಡರೂ ಇನ್ನೊಂದು ಸುತ್ತು ಹಾಕಿ. ಒಂದು ತಪ್ಪಿದೆ ಅಂದಮೇಲೆ ಎರಡನೆಯದೂ ತಪ್ಪಿರಬಹುದು.

ಈ ಸುತ್ತಿನಲ್ಲೇ ಗಾಳಿ, ಜನ, ದನ, ಹಕ್ಕಿಗಳ ಹಿಂಡು ಎಲ್ಲವನ್ನೂ ನೋಡಿಕೊಳ್ಳಿ. ಹೊಲದಲ್ಲಿ ಒಬ್ಬರೇ ಒಬ್ಬರು ಇದ್ದರೂ ಕೆಲಸ ಶುರು ಮಾಡುವಂತಿಲ್ಲ.

ಹಂತ 4: ಎಷ್ಟು ತುಂಬಬೇಕು ಅನ್ನುವುದನ್ನು ಟ್ಯಾಂಕ್ ಹೇಳುವುದಿಲ್ಲ

ಔಷಧಿ ತುಂಬುವ ಟ್ಯಾಂಕಿಗೆ ಹಾಪರ್ ಅನ್ನುತ್ತಾರೆ. ಏರ್ ಟ್ರಾಕ್ಟರ್ ಎಟಿ-802 ವಿಮಾನದ ಹಾಪರ್ ಸುಮಾರು 3,000 ಲೀಟರ್ ಹಿಡಿಯುತ್ತದೆ. ನೀರಿನ ಲೆಕ್ಕದಲ್ಲೇ 3 ಟನ್. ಹಿಡಿಯುತ್ತದೆ ಅಂದ ಮಾತ್ರಕ್ಕೆ ಪ್ರತಿ ಸಲ ಅಷ್ಟನ್ನೂ ಎತ್ತಬಹುದು ಅಂತಲ್ಲ. ಬಿಸಿ ಗಾಳಿ ತೆಳು. ರೆಕ್ಕೆ, ಪ್ರೊಪೆಲ್ಲರ್, ಎಂಜಿನ್ ಮೂರೂ ಅದರಲ್ಲಿ ಸೊರಗುತ್ತವೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಏರ್‌ಸ್ಟ್ರಿಪ್‌ನಲ್ಲಿ 35 ಡಿಗ್ರಿ ಬಿಸಿಲಿದ್ದರೆ, ವಿಮಾನದ ಪಾಲಿಗೆ ಅದು ಸುಮಾರು 1,800 ಮೀಟರ್ ಎತ್ತರದ ಜಾಗ. ಮುಂಜಾನೆ ಆರಾಮಾಗಿ ಎತ್ತಿದ ಹೊರೆಯನ್ನೇ ಮಧ್ಯಾಹ್ನವೂ ತುಂಬಿದರೆ ರನ್‌ವೇ ಸಾಲದೆ ಹೋಗುತ್ತದೆ. ಮಣ್ಣು ಒದ್ದೆಯಾಗಿದ್ದರೆ, ಹುಲ್ಲು ಎತ್ತರ ಇದ್ದರೆ ಇನ್ನೂ ಕಷ್ಟ.

ಆದ್ದರಿಂದ ಟೇಕಾಫ್‌ಗೆ ಮೊದಲೇ ರನ್‌ವೇ ಪಕ್ಕ ಒಂದು ಗುರುತು ಆರಿಸಿ. ಅಲ್ಲಿಗೆ ಬರುವಷ್ಟರಲ್ಲಿ ಬೇಕಾದ ವೇಗ ಬಂದಿಲ್ಲ ಅಂದರೆ ಹೊರೆ ಬಿಡಬೇಕು ಅಥವಾ ನಿಲ್ಲಿಸಬೇಕು. ಆ ಗುರುತಿನ ಹತ್ತಿರ ಬಂದಾಗ "ಇನ್ನೊಂಚೂರು ನೋಡೋಣ" ಅಂತ ಅನಿಸುತ್ತದೆ. ನಿರ್ಧಾರವನ್ನು ನಿಂತಿದ್ದಾಗಲೇ ಮಾಡಿಕೊಳ್ಳುವುದು ಅದಕ್ಕೆ.

ಹೊರೆ ಒಮ್ಮೆಲೇ ಸುರಿಯುವ ಹಿಡಿ ಈ ವಿಮಾನಗಳ ಪ್ರಾಣ. ಜನವಸತಿ ಮೇಲೆ ಕೆಲಸ ಮಾಡುವ ಕೃಷಿ ವಿಮಾನ ತನ್ನ ಗರಿಷ್ಠ ಹೊರೆಯ ಅರ್ಧದಷ್ಟನ್ನಾದರೂ 45 ಸೆಕೆಂಡಿನೊಳಗೆ ಹೊರಹಾಕುವಂತಿರಬೇಕು ಅಂತ ಅಮೆರಿಕದ ನಿಯಮ ಹೇಳುತ್ತದೆ. ಆದರೆ ಹಿಡಿ ಇದ್ದರೆ ಸಾಲದು, ಕೈಗೆ ಅಭ್ಯಾಸ ಇರಬೇಕು. ಅಷ್ಟು ಭಾರ ಒಮ್ಮೆಲೇ ಕಳಚಿದಾಗ ಅನೇಕ ವಿಮಾನಗಳ ಮೂತಿ ಮೇಲಕ್ಕೆ ಚಿಮ್ಮುತ್ತದೆ. ಸ್ಟಿಕ್ ಮುಂದಕ್ಕೆ ಒತ್ತಿ ಹಿಡಿಯದಿದ್ದರೆ ಬಚಾವಾಗಲು ಮಾಡಿದ ಕೆಲಸವೇ ಸ್ಟಾಲ್‌ಗೆ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವ ಸ್ಥಿತಿಗೆ, ತಳ್ಳುತ್ತದೆ. ಬರೀ ನೀರು ತುಂಬಿಕೊಂಡು, ಸಾಕಷ್ಟು ಎತ್ತರದಲ್ಲಿ, ತರಬೇತುದಾರರು ಹೇಳಿದಂತೆ ಇದನ್ನು ಅಭ್ಯಾಸ ಮಾಡಿ. ಔಷಧಿ ದುಬಾರಿ ಅಂತ ಹಿಡಿ ಎಳೆಯಲು ಹಿಂಜರಿಯುವ ಪೈಲಟ್ ಇರುತ್ತಾರೆ. ಮಾಲೀಕರು ಮೊದಲೇ ಹೇಳಿಬಿಡಬೇಕು: ಸುರಿದಿದ್ದಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ.

ಹಂತ 5: ಸಾಲುಗಳ ದಿಕ್ಕು ಗೊತ್ತುಮಾಡಿ

ಗಾಳಿ ಅಡ್ಡಕ್ಕೆ ಬರುವಂತೆ ಸಾಲು ಹಾಕಿ, ಗಾಳಿ ಹೋಗುವ ಬದಿಯ ಅಂಚಿನಿಂದ ಶುರು ಮಾಡಿ. ಆಗ ನೀವು ಬಿಟ್ಟ ಔಷಧಿಯ ಮೋಡದೊಳಗೆ ನೀವೇ ಹಾರುವುದು ತಪ್ಪುತ್ತದೆ. ನಿಮ್ಮದೇ ರೆಕ್ಕೆ ಎಬ್ಬಿಸಿದ ಸುಳಿಯೂ ಅತ್ತ ಸರಿದಿರುತ್ತದೆ.

ಸೂರ್ಯ ಕೆಳಗಿದ್ದಾಗ ಅದರ ಎದುರು ಹಾರಬೇಡಿ. ಬೆಳಿಗ್ಗೆ, ಸಂಜೆ ಗಾಳಿ ಕಮ್ಮಿ ಅಂತ ಎಲ್ಲರೂ ಆ ಹೊತ್ತಿಗೇ ಕೆಲಸ ಇಟ್ಟುಕೊಳ್ಳುತ್ತಾರೆ. ಕಣ್ಣು ಕೋರೈಸುವುದೂ ಆಗಲೇ. ಗಾಜಿನ ಮೇಲೆ ಔಷಧಿಯ ತೆಳು ಪದರ ಇದ್ದರಂತೂ ಎದುರಿನದೆಲ್ಲ ಬಿಳಿಚಿ ಹೋಗುತ್ತದೆ. ಪ್ರತಿ ಸಲ ಔಷಧಿ ತುಂಬುವಾಗ ಗಾಜು ಒರೆಸಿ. ಅರ್ಧ ನಿಮಿಷದ ಕೆಲಸ.

ಇಳಿಜಾರು ಹೊಲವಾದರೆ ಮೇಲಿನಿಂದ ಕೆಳಕ್ಕೆ ಮಾತ್ರ ಹೊಡೆಯಿರಿ. ಏರಿನ ಕಡೆ ಹಾರುವಾಗ ನೆಲ ಏರುವಷ್ಟು ಜೋರಾಗಿ ತುಂಬಿದ ವಿಮಾನ ಏರುವುದಿಲ್ಲ. ಮರಗಳ ಸಾಲಿನ ಮರೆಯ ಬದಿಯಲ್ಲಿ ಗಾಳಿ ಕೆಳಕ್ಕೆ ಉರುಳುತ್ತಿರುತ್ತದೆ ಅನ್ನುವುದೂ ನೆನಪಿರಲಿ.

ಹಂತ 6: ತಿರುವು

ಸಾಲಿನೊಳಗೆ ಹಾರುವುದು ನೋಡುವವರಿಗೆ ಭಯ. ಪೈಲಟ್‌ಗೆ ನಿಜವಾದ ಕೆಲಸ ಇರುವುದು ಹೊಲದ ಎರಡು ತುದಿಗಳಲ್ಲಿ. ಒಂದು ದಿನದಲ್ಲಿ ನೂರಾರು ತಿರುವು. ಪ್ರತಿಯೊಂದೂ ಕೆಳಮಟ್ಟದಲ್ಲಿ, ಭಾರ ಹೊತ್ತುಕೊಂಡು, ವೇಗ ಕಳೆದುಕೊಳ್ಳುತ್ತಾ ತೆಗೆದುಕೊಳ್ಳುವ ತಿರುವು.

ಲೆಕ್ಕ ಹೀಗಿದೆ. ಎತ್ತರ ಕಳೆದುಕೊಳ್ಳದೆ ತಿರುಗಬೇಕಾದರೆ ರೆಕ್ಕೆ ಜಾಸ್ತಿ ಭಾರ ಹೊರಬೇಕು. 45 ಡಿಗ್ರಿ ವಾಲಿದರೆ ಸ್ಟಾಲ್ ಆಗುವ ವೇಗ ಶೇ. 19ರಷ್ಟು ಏರುತ್ತದೆ, 60 ಡಿಗ್ರಿಗೆ ಶೇ. 41. ನೇರ ಹಾರಾಟದಲ್ಲಿ 100 ಕಿ.ಮೀ.ಗೆ ಸ್ಟಾಲ್ ಆಗುವ ವಿಮಾನ 60 ಡಿಗ್ರಿ ವಾಲಿದಾಗ 141 ಕಿ.ಮೀ.ಗೇ ಕೈಬಿಡುತ್ತದೆ. ಸಾಲಿನ ತುದಿಯಲ್ಲಿ ಮೂತಿ ಎತ್ತಿ ಏರಿದಾಗ ವೇಗ ಇಳಿಯುತ್ತಾ ಇರುತ್ತದೆ. ಒಂದು ಇಳಿಯುವುದು, ಇನ್ನೊಂದು ಏರುವುದು. ಎರಡೂ ಒಂದೇ ಗೆರೆಗೆ ಬಂದ ಜಾಗದಲ್ಲಿ ಅಪಘಾತ.

ತಿರುವನ್ನು ಹೀಗೆ ಬಿಡಿಸಿಕೊಳ್ಳಿ. ಸಾಲು ಮುಗಿದ ಕೂಡಲೇ ಸ್ಪ್ರೇ ನಿಲ್ಲಿಸಿ, ರೆಕ್ಕೆ ಸಮ ಇಟ್ಟುಕೊಂಡೇ ನೇರ ಏರಿ. ಮರ, ತಂತಿ ಎಲ್ಲ ಕೆಳಗೆ ಬಿದ್ದ ಮೇಲೆಯೇ ವಾಲಿ. ಏರುತ್ತಲೇ ವಾಲುವ ಚಟ ಬೇಡ. ಆಮೇಲೆ ಗಾಳಿ ಹೋಗುವ ಕಡೆಗೆ ಸುಮಾರು 45 ಡಿಗ್ರಿ ತಿರುಗಿ, ಸ್ವಲ್ಪ ದೂರ ಹೋಗಿ, ನಂತರ ಗಾಳಿಗೆ ಎದುರಾಗಿ ದೊಡ್ಡ ತಿರುವು ತೆಗೆದುಕೊಂಡು ಮುಂದಿನ ಸಾಲಿಗೆ ಬನ್ನಿ. ಎದುರು ಗಾಳಿ ತಿರುವನ್ನು ತಾನೇ ಚಿಕ್ಕದು ಮಾಡಿಕೊಡುತ್ತದೆ.

ಗಾಳಿಯ ಬೆನ್ನೇರಿ ತಿರುಗಿದರೆ ಕಣ್ಣೇ ಮೋಸ ಮಾಡುತ್ತದೆ. ನೆಲ ಸರಸರ ಹಿಂದಕ್ಕೆ ಓಡುವುದು ನೋಡಿ "ವೇಗ ಜಾಸ್ತಿ ಆಯಿತು" ಅನಿಸುತ್ತದೆ. ಗಾಳಿಯ ಲೆಕ್ಕದಲ್ಲಿ ವೇಗ ಅಷ್ಟೇ ಇರುತ್ತದೆ, ಇಲ್ಲವೇ ಕಮ್ಮಿಯೇ ಆಗಿರುತ್ತದೆ. ಗೊತ್ತಿಲ್ಲದೆ ಪೈಲಟ್ ಮೂತಿ ಎತ್ತುತ್ತಾನೆ. ಇತ್ತ ಗಾಳಿ ವಿಮಾನವನ್ನು ಸಾಲಿನಿಂದ ಆಚೆ ತಳ್ಳುತ್ತಿರುತ್ತದೆ. ಸಾಲು ತಪ್ಪುತ್ತಿದೆ ಅಂತ ಒಳಬದಿಯ ರಡ್ಡರ್ (ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಕಾಲಿನ ಪೆಡಲ್) ಒತ್ತಿ ಮೂತಿಯನ್ನು ಎಳೆದು ತರುತ್ತಾನೆ. ಒಳಗಿನ ರೆಕ್ಕೆ ಮೊದಲು ಸ್ಟಾಲ್ ಆಗುತ್ತದೆ, ವಿಮಾನ ಆ ಬದಿಗೆ ಮಗುಚಿ, ಗಿರಗಿರ ಸುತ್ತುತ್ತಾ ಕೆಳಗೆ ಬೀಳುವ ಸ್ಪಿನ್‌ಗೆ ಸಿಲುಕುತ್ತದೆ. 50 ಮೀಟರ್ ಎತ್ತರದಲ್ಲಿ ಸ್ಪಿನ್ ಬಿಡಿಸಲು ಜಾಗ ಇಲ್ಲ.

ಇದಕ್ಕೆ ಮದ್ದು ಸುಲಭ, ಪಾಲಿಸುವುದು ಕಷ್ಟ: ಸಾಲು ತಪ್ಪಿದರೆ ತಪ್ಪಲಿ. ವಾಲುವುದನ್ನು ಹೆಚ್ಚಿಸಬೇಡಿ, ರಡ್ಡರ್ ಒತ್ತಬೇಡಿ, ರೆಕ್ಕೆ ಸಮ ಮಾಡಿ ಇನ್ನೊಂದು ಸುತ್ತು ಹೋಗಿ. ಅಕ್ಕಪಕ್ಕದ ಸಾಲುಗಳನ್ನೇ ಒಂದಾದ ಮೇಲೊಂದು ಹೊಡೆಯುವ ಬದಲು, ಹೊಲವನ್ನು ಎರಡು ಪಾಲು ಮಾಡಿ ಓಟದ ಮೈದಾನದ ಆಕಾರದಲ್ಲಿ ಸುತ್ತುವುದು ಇನ್ನೂ ಒಳ್ಳೆಯದು. ತಿರುವು ಅಗಲ ಆಗುತ್ತದೆ, ದೇಹಕ್ಕೂ ಹಗುರ. ಟ್ಯಾಂಕ್ ತುಂಬಿರುವಾಗಿನ ಮೊದಲ ನಾಲ್ಕೈದು ತಿರುವುಗಳನ್ನಂತೂ ನಿಧಾನವಾಗಿ, ಅಗಲವಾಗಿಯೇ ತೆಗೆದುಕೊಳ್ಳಿ.

ಕೆಳಗೆ ಹಾರುವಾಗ ಎಂಜಿನ್ ಕೈಕೊಟ್ಟರೆ ಆಯ್ಕೆ ಜಾಸ್ತಿ ಇಲ್ಲ. ಹೊರೆ ಬಿಡಿ, ಮೂತಿ ಇಳಿಸಿ ವೇಗ ಉಳಿಸಿ, ಮುಂದಿರುವ ಜಾಗದಲ್ಲೇ ಇಳಿಸಿ. ಏರ್‌ಸ್ಟ್ರಿಪ್‌ಗೆ ವಾಪಸ್ ತಿರುಗಲು ಹೋಗಬೇಡಿ.

ಹಂತ 7: ಅಂಚಿನ ಸಾಲಿಗೆ ಮತ್ತೆ ಮೊದಲಿನಿಂದ ಯೋಚಿಸಿ

ಹೊಲದ ಮಧ್ಯ ಮುಗಿಯಿತು. ಎರಡು ತುದಿಗಳಲ್ಲಿ ಮೇಲೇರುವಾಗ ಉಳಿದ ತುಂಡುಗಳಿಗೆ ಈಗ ಅಡ್ಡಡ್ಡ ಸಾಲು ಹೊಡೆಯಬೇಕು. ತಂತಿಗಳು ಇರುವುದೇ ಅಂಚಿನಲ್ಲಿ, ಮರಗಳಿರುವುದೂ ಅಲ್ಲೇ. ಹಾರುವ ದಿಕ್ಕು ಬದಲಾಗಿದೆ, ಸೂರ್ಯ ಬೇರೆ ಕಡೆಯಿಂದ ಹೊಡೆಯುತ್ತಿದೆ, ಮೊದಲು ಪಕ್ಕಕ್ಕಿದ್ದ ತಂತಿ ಈಗ ಎದುರಿಗಿದೆ. ಮನಸ್ಸು ಮಾತ್ರ "ಮುಗೀತು" ಅಂತ ಸಡಿಲಾಗಿರುತ್ತದೆ. ಮೊದಲು ಮಾಡಿದ ಯೋಜನೆಯಲ್ಲಿ ಈ ಸಾಲುಗಳು ಇರುವುದೇ ಇಲ್ಲ.

ಆದ್ದರಿಂದ ಇದನ್ನು ಹೊಸ ಹೊಲ ಅಂತಲೇ ಲೆಕ್ಕ ಹಾಕಿ. ಮೇಲೇರಿ, ಒಂದು ಸುತ್ತು ಹಾಕಿ, ತಂತಿಗಳನ್ನು ಮತ್ತೆ ಹೆಸರಿಸಿ, ಆಮೇಲೆ ಇಳಿಯಿರಿ. ಯೋಜನೆ ಬದಲಾದ ಪ್ರತಿ ಸಲವೂ ಇದೇ ನಿಯಮ. "ಸಾರ್, ಆ ಮೂಲೆಗೂ ಒಂದು ಸಲ ಹೊಡೆದುಬಿಡಿ" ಅಂತ ರೇಡಿಯೋದಲ್ಲಿ ಕೇಳಿಕೊಂಡಾಗ ಕೂಡ.

ಹಂತ 8: ಕೆಳಗೆ ಇರುವವರು

ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದಿಲ್ಲ. ಸಮಯ ಉಳಿಸಲು ಎಂಜಿನ್ ಆರಿಸದೆಯೇ ಔಷಧಿ ತುಂಬುವ ಪದ್ಧತಿ ಇರುವುದರಿಂದ ಇದು ದಿನನಿತ್ಯದ ಅಪಾಯ. ವಿಮಾನದ ಬಳಿಗೆ ರೆಕ್ಕೆಯ ಹಿಂದಿನಿಂದಲೇ ಬನ್ನಿ, ಹಿಂದಿನಿಂದಲೇ ಹೋಗಿ. ಮೂತಿಯ ಮುಂದೆ ಅಡ್ಡ ಹಾಯುವುದು ಯಾವ ಕಾರಣಕ್ಕೂ ಇಲ್ಲ, ಹಾರಿಹೋದ ಟೋಪಿ ತರಲಿಕ್ಕೂ ಇಲ್ಲ. ಪೈಲಟ್ ಕಣ್ಣಿಗೆ ಕಣ್ಣು ಕೊಟ್ಟು ಕೈಸನ್ನೆ ಮಾಡಿದ ಮೇಲೆಯೇ ಹತ್ತಿರ ಹೋಗಬೇಕು. ಹೆಲಿಕಾಪ್ಟರ್ ಆದರೆ ಹಿಂದಿನ ಸಣ್ಣ ರೋಟರ್ ಕಡೆ ಸುಳಿಯಬೇಡಿ. ಇಳಿಜಾರಿನಲ್ಲಿ ನಿಂತಿದ್ದರೆ ತಗ್ಗಿನ ಬದಿಯಿಂದ ಹೋಗಿ, ಏರಿನ ಬದಿಯಲ್ಲಿ ರೋಟರ್ ತಲೆಯ ಮಟ್ಟಕ್ಕೆ ಬರುತ್ತದೆ.

ಪೈಪ್ ಬಿಚ್ಚುವುದು ಮರೆತು ಹೆಲಿಕಾಪ್ಟರ್ ಎದ್ದರೆ ಪೈಪ್ ಒಂದು ಬದಿಗೆ ಎಳೆದು ಅದನ್ನು ಮಗುಚಿಹಾಕಬಹುದು. ಪೈಪ್ ಬಿಚ್ಚಿದವರು ಅದನ್ನು ಕೈಯಲ್ಲಿ ಎತ್ತಿ ಪೈಲಟ್‌ಗೆ ತೋರಿಸಲಿ. ತೋರಿಸುವ ತನಕ ಪೈಲಟ್ ಕದಲಬಾರದು.

ಹಂತ 9: ವಿಷ

ಔಷಧಿ ಬೆರೆಸುವವರ ಕೈಯಲ್ಲಿ ಇರುವುದು ನೀರು ಸೇರಿಸದ ಗಟ್ಟಿ ವಿಷ. ಹಾಗಾಗಿ ಪೈಲಟ್‌ಗಿಂತ ಅಪಾಯ ಅವರಿಗೇ ಹೆಚ್ಚು. ಡಬ್ಬದ ಮೇಲೆ ಹೇಳಿದ ಗ್ಲೌಸ್, ಕನ್ನಡಕ, ಏಪ್ರನ್, ಮಾಸ್ಕ್ ಬಿಡುವಂತಿಲ್ಲ.

ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ನರಗಳಿಗೆ ಬೇಕಾದ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಸ್ವಲ್ಪ ಸ್ವಲ್ಪವಾಗಿ ಮೈಗೆ ಸೇರಿದರೂ ಪರಿಣಾಮ ಕೂಡುತ್ತಾ ಹೋಗುತ್ತದೆ. ತಲೆನೋವು, ವಾಕರಿಕೆ, ಬೆವರು, ಬಾಯಲ್ಲಿ ಜೊಲ್ಲು, ಮಂಜಾದ ನೋಟ, ಕಣ್ಣಿನ ಪಾಪೆ ಚಿಕ್ಕದಾಗುವುದು ಇದರ ಲಕ್ಷಣಗಳು. ಮೊದಲೆರಡನ್ನು ಬಿಸಿಲಿನ ದಣಿವು ಅಂದುಕೊಂಡು ಸುಮ್ಮನಾಗುವುದು ಸುಲಭ. ಮಂಜಾದ ಕಣ್ಣಿನಲ್ಲಿ ತಂತಿ ಹುಡುಕುವ ಪೈಲಟ್‌ನನ್ನು ಊಹಿಸಿಕೊಳ್ಳಿ. ಹಂಗಾಮು ಶುರುವಾಗುವ ಮೊದಲು ರಕ್ತಪರೀಕ್ಷೆ ಮಾಡಿಸಿ ನಿಮ್ಮ ಮಾಮೂಲಿ ಮಟ್ಟ ಬರೆದಿಟ್ಟುಕೊಳ್ಳಿ. ನಡುನಡುವೆ ಮಾಡಿಸುವ ಪರೀಕ್ಷೆಗೆ ಹೋಲಿಸಲು ಅದು ಬೇಕು. ಲಕ್ಷಣ ಕಂಡರೆ ಕೆಲಸ ನಿಲ್ಲಿಸಿ, ಬಟ್ಟೆ ಕಳಚಿ, ಸೋಪು ಹಾಕಿ ತೊಳೆದು, ಔಷಧಿಯ ಲೇಬಲ್ ಸಮೇತ ಆಸ್ಪತ್ರೆಗೆ ಹೋಗಿ.

ಹೊಲದಾಚೆಯ ಜನರಿಗೆ ಅಪಾಯ ಬರುವುದು ಹನಿ ತೇಲಿಹೋಗುವುದರಿಂದ. ಗಾಳಿ ಜೋರಿದ್ದರೆ ಹೊಡೆಯಬಾರದು ಅಂತ ಎಲ್ಲರಿಗೂ ಗೊತ್ತು. ಗಾಳಿಯೇ ಇಲ್ಲದ ತಿಳಿ ಮುಂಜಾನೆಯೂ ಅಷ್ಟೇ ಕೆಟ್ಟದ್ದು ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಆಗ ನೆಲದ ಬಳಿ ತಣ್ಣನೆ ಗಾಳಿ, ಮೇಲೆ ಬೆಚ್ಚನೆ ಗಾಳಿ ಕೂತಿರುತ್ತದೆ. ಸಣ್ಣ ಹನಿಗಳು ಮೇಲೂ ಹೋಗದೆ ಕೆಳಗೂ ಬೀಳದೆ ತೇಲುತ್ತಾ ಬಹುದೂರ ಹೋಗುತ್ತವೆ. ಸ್ವಲ್ಪ ಹೊಗೆ ಹಾಕಿ ನೋಡಿ. ಹೊಗೆ ಸ್ವಲ್ಪ ಏರಿ, ಅಲ್ಲೇ ಚಾಪೆ ಹಾಸಿದಂತೆ ಅಗಲವಾದರೆ ಕಾಯಿರಿ. ದಪ್ಪ ಹನಿಯ ನಾಝಲ್ ಬಳಸಿ. ನಾಝಲ್‌ಗಳನ್ನು ಕೂರಿಸಿದ ಅಡ್ಡ ಪೈಪ್, ಅಂದರೆ ಬೂಮ್‌ನ ಉದ್ದ ರೆಕ್ಕೆಯ ಮುಕ್ಕಾಲು ಪಾಲು ಮೀರದಿರಲಿ, ಇಲ್ಲದಿದ್ದರೆ ರೆಕ್ಕೆ ತುದಿಯ ಸುಳಿ ಹನಿಗಳನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಔಷಧಿ ಹೊಡೆದ ಹೊಲಕ್ಕೆ ಎಷ್ಟು ಹೊತ್ತು ಕಾಲಿಡಬಾರದು ಅನ್ನುವುದು ಲೇಬಲ್ ಮೇಲಿರುತ್ತದೆ. ಅದನ್ನು ಹೊಲದ ಆಳುಗಳಿಗೆ ಬಾಯಿಮಾತಲ್ಲೇ ತಿಳಿಸಿ.

ಹಂತ 10: ದಣಿವು ಮತ್ತು ಯಂತ್ರ

ಹಂಗಾಮಿನಲ್ಲಿ ಎಲ್ಲರಿಗೂ ಇವತ್ತೇ ಆಗಬೇಕು. ಬೆಳಕು ಹರಿಯುವ ಮೊದಲು ಎದ್ದು, ಕತ್ತಲಾಗುವ ತನಕ ಹಾರಾಟ. ನೀರು ಕುಡಿದರೆ ಇಳಿಯಬೇಕಾಗುತ್ತದೆ ಅಂತ ಕುಡಿಯದೇ ಇರುವವರಿದ್ದಾರೆ. ಒಣಗಿದ ದೇಹದಲ್ಲಿ ಗಮನ ನಿಲ್ಲುವುದಿಲ್ಲ. ವಿರಾಮದ ಹೊತ್ತನ್ನು ಮೊದಲೇ ಗೊತ್ತುಮಾಡಿ. "ಸುಸ್ತಾದಾಗ ನಿಲ್ಲಿಸುತ್ತೇನೆ" ಅನ್ನುವುದು ನಡೆಯದ ಮಾತು, ಸುಸ್ತಾಗಿದೆ ಅಂತ ಹೇಳಬೇಕಾದ ತಲೆಯೇ ಸುಸ್ತಾಗಿರುತ್ತದೆ.

ವಿಮಾನದ ವಿಷಯಕ್ಕೆ ಬಂದರೆ, 1950ರಲ್ಲಿ ಫ್ರೆಡ್ ವೀಕ್ ರೂಪಿಸಿದ ಎಜಿ-1 ಈ ಕೆಲಸಕ್ಕೆಂದೇ ಹುಟ್ಟಿದ ವಿನ್ಯಾಸ. ಹಾಪರ್ ಮುಂದೆ, ಪೈಲಟ್ ಅದರ ಹಿಂದೆ ಎತ್ತರದಲ್ಲಿ. ಡಿಕ್ಕಿಯಾದರೆ ಮುಂದಿನ ಭಾಗ ಮುದುಡಿಕೊಂಡು ಹೊಡೆತ ತಾನೇ ನುಂಗುತ್ತದೆ. ಇಂದಿನ ಕೃಷಿ ವಿಮಾನಗಳಲ್ಲೂ ಇದೇ ಜೋಡಣೆ. ಆದರೆ ಬೆಲ್ಟ್ ಸಡಿಲ ಇದ್ದರೆ, ಹೆಲ್ಮೆಟ್ ಇಲ್ಲದಿದ್ದರೆ ಈ ಜಾಣತನ ವ್ಯರ್ಥ. ಚಕ್ರದ ಕಾಲಿಗೆ, ಗಾಜಿನ ಚೌಕಟ್ಟಿಗೆ ಕೂರಿಸುವ ತಂತಿ ಕತ್ತರಿಸುವ ಅಲಗುಗಳು ತೆಳ್ಳನೆಯ ತಂತಿಗೆ ಉಪಕಾರಿ. ದೊಡ್ಡ ಲೈನಿಗೆ ಅವುಗಳನ್ನು ನಂಬಬೇಡಿ.

ಗೊಬ್ಬರ, ಔಷಧಿ ಎರಡೂ ಲೋಹ ತಿನ್ನುತ್ತವೆ. ದಿನದ ಕೊನೆಗೆ ವಿಮಾನ ತೊಳೆಯುವುದು ಚಂದಕ್ಕಲ್ಲ, ಕೀಲು ಮತ್ತು ಕೇಬಲ್‌ಗಳನ್ನು ಹತ್ತಿರದಿಂದ ನೋಡುವ ಹೊತ್ತು ಅದು. ದಿನಕ್ಕೆ ನೂರಾರು ತಿರುವಿನಲ್ಲಿ ರೆಕ್ಕೆಯ ಬುಡ ಎಳೆಸಿಕೊಂಡಿರುತ್ತದೆ. ಅಲ್ಲಿನ ಬಿರುಕು ತಪಾಸಣೆಯನ್ನು ತಯಾರಕರು ಹೇಳಿದ ಗಂಟೆಗೇ ಮಾಡಿಸಿ, ಹಂಗಾಮು ಮುಗಿಯಲಿ ಅಂತ ಮುಂದೂಡಬೇಡಿ.

ಡ್ರೋನ್ ಇದ್ದರೆ?

ಪೈಲಟ್ ಕೆಳಗೇ ನಿಂತಿರುತ್ತಾನೆ, ಹಾಗಾಗಿ ದೊಡ್ಡ ಅಪಾಯವೊಂದು ತಪ್ಪಿತು ನಿಜ. ಆದರೆ 40 ಲೀಟರ್ ಹೊತ್ತ ಸ್ಪ್ರೇ ಡ್ರೋನ್ ನೂರು ಕಿಲೋ ಹತ್ತಿರ ತೂಗುತ್ತದೆ. ಅದು ತಂತಿಗೆ ತಾಗಿ ಜನರ ಮೇಲೆ ಬಿದ್ದರೆ ಆಟಿಕೆ ಬಿದ್ದಂತಲ್ಲ. ನಕ್ಷೆ, ಗಾಳಿ, ವಿಷ, ಅಂಚಿನ ಸಾಲು, ಈ ಎಲ್ಲ ಹಂತಗಳೂ ಅದಕ್ಕೂ ಇವೆ. ಹತ್ತಿರದಲ್ಲಿ ವಿಮಾನದ ಸದ್ದು ಕೇಳಿದರೆ ಡ್ರೋನನ್ನು ತಕ್ಷಣ ಇಳಿಸಿ. ಅಷ್ಟು ಚಿಕ್ಕದ್ದು ಪೈಲಟ್ ಕಣ್ಣಿಗೆ ಬೀಳುತ್ತದೆ ಅಂತ ನಂಬಬೇಡಿ.

ತಂತಿ ತಾಗಿಯೇಬಿಟ್ಟರೆ

ವಿಮಾನ ಇನ್ನೂ ಹಾರುತ್ತಿದ್ದರೆ ಅದನ್ನು ಹಾರಿಸುವುದೊಂದೇ ಕೆಲಸ. ರೆಕ್ಕೆ ಸಮ ಮಾಡಿ, ಹೊರೆ ಬಿಡಿ, ನಿಧಾನವಾಗಿ ಏರಿ. ದೊಡ್ಡ ತಿರುವು ಬೇಡ. ಬಾಲದ ಭಾಗಕ್ಕೆ ಏನಾಗಿದೆಯೋ ನಿಮಗೆ ಕಾಣುವುದಿಲ್ಲ. ಹತ್ತಿರದ ಸರಿಯಾದ ಜಾಗದಲ್ಲಿ ಇಳಿಸಿ. "ಸವರಿಕೊಂಡು ಹೋಯಿತು, ಏನೂ ಆಗಿಲ್ಲ" ಅಂತ ಉಳಿದ ಔಷಧಿ ಮುಗಿಸಲು ಹೋಗಬೇಡಿ. ತಂತ್ರಜ್ಞರು ನೋಡಿ ಒಪ್ಪುವ ತನಕ ಆ ವಿಮಾನ ಹಾರುವಂತಿಲ್ಲ.

ವಿಮಾನ ನೆಲಕ್ಕೆ ಬಿದ್ದು, ತಂತಿ ಅದಕ್ಕೆ ಸುತ್ತಿಕೊಂಡಿದ್ದರೆ ಬೆಂಕಿ ಇಲ್ಲದ ತನಕ ಒಳಗೇ ಇರಿ, ಕರೆಂಟ್ ತೆಗೆಸುವವರೆಗೂ. ಬೆಂಕಿ ಹತ್ತಿದರೆ ವಿಮಾನವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ, ಎರಡೂ ಕಾಲು ಜೋಡಿಸಿ ಜಿಗಿಯಿರಿ. ಪಾದಗಳನ್ನು ಎತ್ತದೆ, ಜೋಡಿಸಿಕೊಂಡೇ ಸಣ್ಣಗೆ ತೆವಳಿಸುತ್ತಾ ದೂರ ಹೋಗಿ. ನೋಡುತ್ತಿರುವವರು ಬಿದ್ದ ತಂತಿಯಿಂದ ಕನಿಷ್ಠ 10 ಮೀಟರ್ ಆಚೆ ನಿಲ್ಲಬೇಕು. ಕಿಡಿ ಹಾರುತ್ತಿಲ್ಲ ಅಂದರೆ ಕರೆಂಟ್ ಹೋಗಿದೆ ಅಂತ ಅರ್ಥವಲ್ಲ, ತಾನೇ ಕಡಿತವಾದ ಲೈನು ಮತ್ತೆ ತಾನೇ ಚಾಲೂ ಆಗಬಹುದು. ವಿದ್ಯುತ್ ಇಲಾಖೆಗೆ ಫೋನ್ ಮಾಡಿ, ಕಂಬದ ಮೇಲಿನ ಸಂಖ್ಯೆ ದೂರದಿಂದ ಕಾಣುತ್ತಿದ್ದರೆ ಅದನ್ನೂ ಹೇಳಿ. ಲೈನ್ ಆಫ್ ಆಗಿದೆ ಅಂತ ಅವರು ಖಚಿತವಾಗಿ ಹೇಳಿದ ಮೇಲಷ್ಟೇ ವಿಮಾನದ ಹತ್ತಿರ ಹೋಗಿ. ಹಾಪರ್‌ನಲ್ಲಿ ಯಾವ ಔಷಧಿ ಇತ್ತು ಅನ್ನುವುದನ್ನು ಬೆಂಕಿ ಆರಿಸಲು ಬಂದವರಿಗೆ ಮೊದಲೇ ತಿಳಿಸಿ.